ಇಂಗ್ಲಿಷ್ ಕ್ಲಾಸಿಗೆ ಯಾವ ಪುಸ್ತಕ ತರೋದು: ಕುಮಟಾ ಕಡೆಯ ಅಕ್ಕೋರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಕುಮಟಾ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಲ್ಲಿ ಇಂಗ್ಲಿಷ್ ಕಲಿಸ್ತೇನೆ. ಕನ್ನಡ ಮೀಡಿಯಂ, 8ರಿಂದ 10ನೇ ಕ್ಲಾಸ್. ಮುಂಬೈಯಲ್ಲಿರೋ ನಮ್ಮ ಹಳೇ ವಿದ್ಯಾರ್ಥಿಗಳು ಇಂಗ್ಲಿಷ್ ಕ್ಲಾಸಿಗೆ ಅಂತ್ಲೇ 15,000 ರೂಪಾಯಿ ಕೊಡ್ತೇವೆ ಅಂದಿದ್ದಾರೆ. ನಾನು ಮಾಡ್ಕೊಂಡ ಲಿಸ್ಟ್: ಇಂಗ್ಲಿಷ್ ಕ್ಲಾಸಿಕ್‌ಗಳ ಸಂಕ್ಷಿಪ್ತ ಸೆಟ್ ಒಂದು, ಎನ್‌ಸೈಕ್ಲೋಪೀಡಿಯಾ, ಗ್ರಾಮರ್ ಪುಸ್ತಕ 10 ಕಾಪಿ, ಆಮೇಲೆ ಗ್ಲಾಸ್ ಬಾಗಿಲಿನ ಒಂದು ಕಪಾಟು. ಇದು ಸರಿ ಇದ್ಯಾ? ಮಳೆಗಾಲದಲ್ಲಿ ನಮ್ಮಲ್ಲಿ ಪುಸ್ತಕ ಉಳಿಯೋದೇ ಕಷ್ಟ. ಮಕ್ಕಳ ಕೈಗೆ ಕೊಟ್ಟು ಕಳೆದ್ರೆ ಹೊಣೆ ಯಾರದ್ದು? ಹತ್ತನೇ ಕ್ಲಾಸಿನವ್ರಿಗೆ ಪರೀಕ್ಷೆ ಬಿಟ್ಟು ಇದನ್ನೆಲ್ಲ ಓದಿಸೋಕೆ ಟೈಮ್ ಆದ್ರೂ ಎಲ್ಲಿದೆ?

ಉತ್ತರ:

ಅಕ್ಕೋರೇ, ಮೊದಲು ಒಂದು ಕೆಲಸ ಮಾಡಿ, ಆ ಲಿಸ್ಟನ್ನ ಈಗ್ಲೇ ಅಂಗಡಿಗೆ ಕೊಡ್ಬೇಡಿ. ಅದ್ರಲ್ಲಿರೋದು ನೋಡೋಕೆ ಚೆಂದ ಕಾಣೋ ಪುಸ್ತಕಗಳು, ದಾನಿಗಳು ಬಂದಾಗ ಕಪಾಟಲ್ಲಿ ಸಾಲಾಗಿ ಕಾಣಿಸ್ತವೆ, ಫೋಟೋ ತೆಗೀಬಹುದು. ಆದ್ರೆ ನಿಮ್ಮ ಎಂಟನೇ ಕ್ಲಾಸಿನ ಹುಡುಗ ಅದ್ರಲ್ಲಿ ಒಂದನ್ನೂ ತಾನಾಗಿ ತೆಗೆದು ಕೊನೇ ಪುಟದ ತನಕ ಓದೋದಿಲ್ಲ. ಅವನಿಗೆ ಬುದ್ಧಿ ಕಮ್ಮಿ ಅಂತಲ್ಲ, ಪುಸ್ತಕ ಅವನಿಗೆ ಭಾರ ಆಗ್ತದೆ ಅಷ್ಟೆ. ನಾನು ಹೈಸ್ಕೂಲ್ ಇಂಗ್ಲಿಷ್ ಟೀಚರ್‌ಗಳ ಜೊತೆ ಬಹಳ ವರ್ಷ ಕೆಲಸ ಮಾಡಿದವ, ಹೀಗೆ ಪ್ರೀತಿಯಿಂದ ತಂದ ಸೆಟ್‌ಗಳು ಬೀಗದೊಳಗೇ ಹಳದಿಯಾದದ್ದನ್ನ ಕಾರವಾರದಲ್ಲೂ ನೋಡಿದ್ದೇನೆ, ಘಟ್ಟದ ಮೇಲೆ ಸಿರ್ಸಿ, ಸಿದ್ದಾಪುರದಲ್ಲೂ ನೋಡಿದ್ದೇನೆ.

ಯಾಕೆ ಹೀಗೆ ಅಂತ ಹೇಳ್ತೇನೆ. ಪುಟದಲ್ಲಿ ನೂರು ಶಬ್ದ ಇದೆ ಅಂದ್ಕೊಳ್ಳಿ. ಯಾರ ಸಹಾಯನೂ ಇಲ್ದೆ ಕಥೆ ಅರ್ಥ ಆಗ್ಬೇಕು ಅಂದ್ರೆ ಸುಮಾರು 98 ಶಬ್ದ ಮೊದ್ಲೇ ಗೊತ್ತಿರ್ಬೇಕು ಅಂತ ಹೂ ಮತ್ತು ಪಾಲ್ ನೇಶನ್ ಅನ್ನೋ ಇಬ್ಬರು ಸಂಶೋಧಕರು 2000ನೇ ಇಸವಿಯಲ್ಲಿ ಮಾಡಿದ ಅಧ್ಯಯನ ಹೇಳ್ತದೆ. ನೂರಕ್ಕೆ ಎಂಬತ್ತು ಶಬ್ದ ಮಾತ್ರ ಗೊತ್ತಿದ್ದವರಲ್ಲಿ ಒಬ್ಬರಿಗೂ ಕಥೆ ಸರಿಯಾಗಿ ಅರ್ಥ ಆಗ್ಲಿಲ್ಲ. ನಮಗೆ ಎಂಬತ್ತು ಅಂದ್ರೆ ಫಸ್ಟ್ ಕ್ಲಾಸ್ ಅನಿಸ್ತದೆ, ಓದೋ ವಿಷಯದಲ್ಲಿ ಅದು ಏನೂ ಅಲ್ಲ, ಪ್ರತಿ ಸಾಲಲ್ಲೂ ಎರಡು ಕಡೆ ಎಡವಿದ ಹಾಗೆ. ಅದ್ರಲ್ಲೂ ನಮ್ಮ ಜಿಲ್ಲೆಯ ಮಕ್ಕಳಲ್ಲಿ ಎಷ್ಟೋ ಜನರ ಮನೆಮಾತು ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಹಳಿಯಾಳದ ಕಡೆ ಮರಾಠಿ. ಅವ್ರಿಗೆ ಶಾಲೆಯ ಕನ್ನಡವೇ ಎರಡನೇ ಭಾಷೆ, ಇಂಗ್ಲಿಷು ಮೂರನೇದು. ಅಂಥವರ ಕೈಗೆ ಇನ್ನೂರು ಪುಟದ ಸಂಕ್ಷಿಪ್ತ ಕ್ಲಾಸಿಕ್ ಕೊಟ್ರೆ ಏನಾಗ್ತದೆ? ಸಂಕ್ಷಿಪ್ತ ಅಂದ ಮಾತ್ರಕ್ಕೆ ಸುಲಭ ಅಂತ ಅಲ್ಲ, ಕಥೆ ಗಿಡ್ಡ ಮಾಡಿರ್ತಾರೆ, ಶಬ್ದ ಹಳೇದೇ ಇರ್ತದೆ, ಎಷ್ಟೋ ಸಲ ಕಥೆಯ ಸ್ವಾರಸ್ಯ ಕಿತ್ತುಹಾಕಿ ಬರೀ ಘಟನೆ ಉಳಿಸಿರ್ತಾರೆ.

ಹಾಗಾಗಿ ನನ್ನ ಒಂದೇ ಮಾತು: ತೆಳು ಪುಸ್ತಕ ತನ್ನಿ, ಸುಲಭದ್ದು ತನ್ನಿ, ತುಂಬಾ ತನ್ನಿ, ಮತ್ತೆ ಅವನ್ನ ಬೀಗ ಹಾಕ್ದೆ ಮಕ್ಕಳ ಕೈಗೆ ಬಿಡಿ. ಹೈಸ್ಕೂಲ್ ಮಕ್ಕಳಿಗೆ ಇಷ್ಟು ಸುಲಭದ್ದಾ ಅಂತ ಸ್ಟಾಫ್ ರೂಮಲ್ಲಿ ಯಾರಾದ್ರೂ ಕೇಳೇ ಕೇಳ್ತಾರೆ, ಕೇಳ್ಲಿ. ಫಿಜಿ ದ್ವೀಪದಲ್ಲಿ 1980ರ ಸುಮಾರಿಗೆ ವಾರ್ವಿಕ್ ಎಲ್ಲಿ, ಫ್ರಾನ್ಸಿಸ್ ಮಂಗುಭಾಯಿ ಅನ್ನೋ ಸಂಶೋಧಕರು ಇದೇ ಪ್ರಯೋಗ ಮಾಡಿದ್ರು. ಹಳ್ಳಿ ಶಾಲೆಗಳು, ಇಂಗ್ಲಿಷ್ ಮನೆಮಾತಲ್ಲದ ನಾಲ್ಕು ಐದನೇ ಕ್ಲಾಸಿನ ಮಕ್ಕಳು, ಕ್ಲಾಸಿಗೆ ಸುಮಾರು 250 ಚಿತ್ರವಿರೋ ಕಥೆಪುಸ್ತಕ ತಂದು ಸುರಿದ್ರು. ಎಂಟು ತಿಂಗಳಲ್ಲೇ ಆ ಮಕ್ಕಳು ಓದೋದ್ರಲ್ಲಿ ಬೇರೆಯವರಿಗಿಂತ ಮುಂದೆ ಹೋದ್ರು, ಎರಡನೇ ವರ್ಷಕ್ಕೆ ಅದು ಬರವಣಿಗೆ, ವ್ಯಾಕರಣದಲ್ಲೂ ಕಾಣಿಸ್ತು. ಗ್ರಾಮರ್ ಪಾಠ ಹೆಚ್ಚು ಮಾಡಿ ಬಂದ ಫಲ ಅಲ್ಲ ಅದು, ಓದಿ ಓದಿ ಬಂದದ್ದು. ಅದ್ಕೇ ಹೇಳ್ತೇನೆ, ಆ ಹತ್ತು ಗ್ರಾಮರ್ ಪುಸ್ತಕದ ದುಡ್ಡನ್ನ ಕಥೆಗೆ ಹಾಕಿ, ಗ್ರಾಮರ್ ಪುಸ್ತಕ ನಿಮ್ಮ ಟೇಬಲ್ ಮೇಲೆ ಒಂದಿದ್ರೆ ಸಾಕು.

ಈಗ ಯಾವ ಪುಸ್ತಕ ಅನ್ನೋದಕ್ಕೆ ಬರೋಣ. ಪ್ರಥಮ್ ಬುಕ್ಸ್‌ನವರದ್ದು ಬೆಂಗಳೂರಿನ, ಲಾಭಕ್ಕೆ ಅಂತ ನಡೆಸದ ಸಂಸ್ಥೆ, 2004ರಲ್ಲಿ ಶುರುವಾದದ್ದು, ಅವರ ಪುಸ್ತಕದ ಮೇಲೆ ಒಂದರಿಂದ ನಾಲ್ಕರ ತನಕ ಲೆವೆಲ್ ಹಾಕಿರ್ತಾರೆ. ಎಂಟನೇ ಕ್ಲಾಸಿನ ತೀರಾ ಹಿಂದಿರೋ ಮಕ್ಕಳಿಗೆ ಎರಡನೇ ಲೆವೆಲ್‌ನಿಂದ ಶುರು ಮಾಡಿ, ಉಳಿದವ್ರಿಗೆ ಮೂರು ನಾಲ್ಕು. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯದ ಪುಸ್ತಕಗಳು, ಕಾರ್ಟೂನಿಸ್ಟ್ ಶಂಕರ್ ಕಟ್ಟಿದ ಚಿಲ್ಡ್ರನ್ಸ್ ಬುಕ್ ಟ್ರಸ್ಟ್‌ನ ಪುಸ್ತಕಗಳು ಬೆಲೆ ಕಮ್ಮಿ, ಕಥೆ ನಮ್ಮ ದೇಶದ್ದು, ಹೆಸರು ಊರು ಊಟ ಎಲ್ಲ ಪರಿಚಯದ್ದು. ಇದು ಸಣ್ಣ ವಿಷಯ ಅಲ್ಲ. ಹಿಮ, ಪುಡ್ಡಿಂಗು, ಚಿಮಣಿ ಬರೋ ಕಥೆಯಲ್ಲಿ ಹುಡುಗಿಗೆ ಶಬ್ದವೂ ಹೊಸದು, ವಸ್ತುವೂ ಹೊಸದು. ದೋಣಿ, ಬಲೆ, ಮಾವಿನ ಮರ, ಬಸ್ ಸ್ಟ್ಯಾಂಡ್ ಬರೋ ಕಥೆಯಲ್ಲಿ ವಸ್ತು ಗೊತ್ತಿರ್ತದೆ, ಶಬ್ದ ಒಂದನ್ನ ಹಿಡ್ಕೊಂಡ್ರೆ ಆಯ್ತು. ತೂಲಿಕಾ ಅಂತ ಚೆನ್ನೈ ಪ್ರಕಾಶಕರದ್ದು ಒಂದೇ ಪುಟದಲ್ಲಿ ಇಂಗ್ಲಿಷು ಕನ್ನಡ ಎರಡೂ ಇರೋ ಚಿತ್ರಪುಸ್ತಕ ಬರ್ತವೆ, ನಾಲ್ಕೈದು ತನ್ನಿ, ಸಂಕೋಚದ ಮಕ್ಕಳು ಮೊದ್ಲು ಅದನ್ನೇ ಮುಟ್ಟೋದು.

ಕಾಮಿಕ್ಸ್ ತರೋಕೆ ಹಿಂಜರಿಬೇಡಿ. ಟಿಂಕಲ್ ಅನ್ನೋ ಮಕ್ಕಳ ಇಂಗ್ಲಿಷ್ ಕಾಮಿಕ್ಸ್ ಪತ್ರಿಕೆಯನ್ನ 1980ರಲ್ಲಿ ಶುರು ಮಾಡಿದ ಅನಂತ ಪೈ ನಮ್ಮ ಪಕ್ಕದ ಕಾರ್ಕಳದಲ್ಲಿ ಹುಟ್ಟಿದವರು, ಸುಪ್ಪಂದಿ, ಶಿಕಾರಿ ಶಂಭು ಇವೆಲ್ಲ ಅದ್ರಲ್ಲೇ ಬರೋದು. ಚಿತ್ರ ನೋಡ್ತಾ ಓದೋದ್ರಿಂದ ಅರ್ಧ ಶಬ್ದ ಹಾಗೇ ತಿಳೀತದೆ, ಅದೂ ಮಾತಾಡೋ ಇಂಗ್ಲಿಷು, ಪಾಠದ ಇಂಗ್ಲಿಷಲ್ಲ. ಹೊಸದೇ ಆಗ್ಬೇಕು ಅಂತ ಏನಿಲ್ಲ, ರದ್ದಿ ಅಂಗಡಿಯವ್ರ ಹತ್ರ ಹೇಳಿಟ್ರೆ ಹಳೇ ಸಂಚಿಕೆ ಕಟ್ಟು ಕಟ್ಟಿ ಇಟ್ಟಿರ್ತಾರೆ. ಕಾಮಿಕ್ಸ್ ಓದಿದ್ರೆ ಹಾಳಾಗ್ತಾರೆ ಅನ್ನೋ ಮಾತನ್ನ ನಾನು ಯಾವತ್ತೂ ಒಪ್ಪಿಲ್ಲ, ಒಂಬತ್ತನೇ ಕ್ಲಾಸಿನ ಗಂಡು ಹುಡುಗ್ರನ್ನ ಓದೋಕೆ ಕೂರಿಸೋದು ಅದೊಂದೇ ಅನ್ನೋಷ್ಟು ನೋಡಿದ್ದೇನೆ.

ಸ್ವಲ್ಪ ಗಟ್ಟಿ ಇರೋ ಮಕ್ಕಳೂ ಇರ್ತಾರಲ್ಲ, ಕ್ಲಾಸಿಗೆ ನಾಲ್ಕೈದು ಜನ, ಅವ್ರನ್ನ ಬಿಡ್ಬೇಡಿ. ಹತ್ತನೇ ಕ್ಲಾಸಿನ ಸೆಕೆಂಡ್ ಲ್ಯಾಂಗ್ವೇಜ್ ಪುಸ್ತಕದಲ್ಲಿ ಆರ್.ಕೆ. ನಾರಾಯಣ್ ಅವರ ‘ಎ ಹೀರೋ’ ಇದೆ, ಅಪ್ಪನ ಆಫೀಸ್ ರೂಮಲ್ಲಿ ಒಬ್ಬನೇ ಮಲಗಿ ಕಳ್ಳನ್ನ ಹಿಡಿಯೋ ಸ್ವಾಮಿಯ ಕಥೆ. ಪಾಠ ಮುಗಿದ ದಿನವೇ 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಅವ್ರ ಕೈಗೆ ಕೊಡಿ, ಇದೇ ಹುಡುಗನ ಕಥೆ ಇನ್ನೂ ಇದೆ ನೋಡು ಅಂತ ಹೇಳಿ. ಅದಕ್ಕೂ ಮೊದ್ಲು ಶಂಕರ್ ನಾಗ್ ಮಾಡಿದ ಮಾಲ್ಗುಡಿ ಡೇಸ್ ಸೀರಿಯಲ್‌ನ ಸ್ವಾಮಿ ಎಪಿಸೋಡ್ ಒಂದೆರಡು ತೋರಿಸಿದ್ರೆ ಇನ್ನೂ ಸುಲಭ, ಕಥೆ ಯಾವ ಕಡೆ ಹೋಗ್ತದೆ ಅಂತ ಗೊತ್ತಿದ್ರೆ ಗೊತ್ತಿಲ್ಲದ ಶಬ್ದ ಅಡ್ಡ ಬರೋದಿಲ್ಲ. ಶಂಕರ್ ನಾಗ್ ನಮ್ಮ ಹೊನ್ನಾವರದ ಕಡೆಯವರು ಅಂತ ಹೇಳೋದು ಮರೀಬೇಡಿ, ಮಕ್ಕಳಿಗೆ ಅದ್ರಿಂದ ಬರೋ ಹುರುಪೇ ಬೇರೆ. ರಸ್ಕಿನ್ ಬಾಂಡ್ ಅವರ ‘ಗ್ರ್ಯಾಂಡ್‌ಮಾ ಕ್ಲೈಂಬ್ಸ್ ಎ ಟ್ರೀ’ ಪದ್ಯಾನೂ ಅದೇ ಪುಸ್ತಕದಲ್ಲಿದೆ, ಬಾಂಡ್ ಅವರ ಸಣ್ಣ ಕಥೆಗಳು ಇಂಗ್ಲಿಷ್ ಸರಳ, ಒಂದು ಸಂಕಲನ ಇರ್ಲಿ. ಇವೆರಡ್ರಲ್ಲಿ ಮಾತ್ರ ನಾಲ್ಕು ನಾಲ್ಕು ಕಾಪಿ ತನ್ನಿ. ಯಾಕಂದ್ರೆ ನಾಲ್ಕು ಜನ ಒಟ್ಟಿಗೆ ಓದಿದ್ರೆ ಬಸ್ಸಲ್ಲಿ ಹೋಗ್ತಾ ಅದ್ರ ಬಗ್ಗೆ ಮಾತಾಡ್ತಾರೆ, ಒಬ್ಬನೇ ಓದಿದವ ಅರ್ಧಕ್ಕೆ ಬಿಡೋದು ಜಾಸ್ತಿ. ಉಳಿದದ್ದೆಲ್ಲ ಒಂದೊಂದೇ ಕಾಪಿ.

ನಮ್ಮ ಊರಿನದ್ದೇ ಓದು ಬೇಕು ಅಂತಿದ್ರೆ ಒಂದು ಬಹಳ ಒಳ್ಳೇದಿದೆ, ದುಡ್ಡೂ ಬೇಡ. ರವೀಂದ್ರನಾಥ ಠಾಗೋರರು 1883ರಲ್ಲಿ ಕಾರವಾರಕ್ಕೆ ಬಂದಿದ್ರಲ್ಲ, ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದಾಗ, ಇವ್ರಿಗೆ ಆಗ ಇಪ್ಪತ್ತೆರಡೋ ಏನೋ. ಅವರ ಆತ್ಮಕಥೆಯ ಇಂಗ್ಲಿಷ್ ಅನುವಾದ ‘ಮೈ ರೆಮಿನಿಸೆನ್ಸಸ್’ನಲ್ಲಿ ಕಾರವಾರ ಅಂತ್ಲೇ ಒಂದು ಸಣ್ಣ ಅಧ್ಯಾಯ ಇದೆ. ಕಡಲ ದಂಡೆಯ ಗಾಳಿಮರ, ಬೆಳದಿಂಗಳಲ್ಲಿ ಕಾಳಿ ನದಿ ಮೇಲೆ ದೋಣಿಯಲ್ಲಿ ಹೋದದ್ದು, ಶಿವಾಜಿಯ ಹಳೇ ಗುಡ್ಡದ ಕೋಟೆ, ಎಲ್ಲ ಬರ್ತದೆ. ಕಾಪಿರೈಟ್ ಮುಗಿದಿದೆ, ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನೋ ವೆಬ್‌ಸೈಟಲ್ಲಿ ಫ್ರೀ ಸಿಗ್ತದೆ. ಭಾಷೆ ಸ್ವಲ್ಪ ಹಳೇದು, ಹಾಗಾಗಿ ಇಡೀ ಅಧ್ಯಾಯ ಬೇಡ, ಎರಡು ಪ್ಯಾರಾ ತಗೊಂಡು ಕಷ್ಟದ ಸಾಲು ನೀವೇ ಸಡಿಲ ಮಾಡಿ ಬರೆದು ಪ್ರಿಂಟ್ ಹಾಕಿ, ಕೊನೇಗೆ ಮೂಲ ಸಾಲು ಒಂದೆರಡು ಹಾಗೇ ಇಡಿ. ಇಂಗ್ಲಿಷಲ್ಲಿ ತಮ್ಮ ಸಮುದ್ರ ಕಂಡ ಮಕ್ಕಳು ಆ ಹಾಳೆಯನ್ನ ಮನೆಗೆ ತಗೊಂಡ್ಹೋಗ್ತಾರೆ, ನೀವು ಹೇಳ್ಬೇಕಂತಿಲ್ಲ. ಸಾವಿರಾರು ಗಿಡ ನೆಟ್ಟು ಬೆಳೆಸಿದ ಅಂಕೋಲೆಯ ತುಳಸಿ ಗೌಡ ಅವರ ಬಗ್ಗೆ, ಸಿರ್ಸಿ ಹತ್ರ ಸಾಲ್ಕಣಿಯಲ್ಲಿ 1983ರಲ್ಲಿ ಶುರುವಾದ, ಮರ ಅಪ್ಪಿ ಕಾಡು ಉಳಿಸೋ ಅಪ್ಪಿಕೋ ಚಳವಳಿ ಬಗ್ಗೆ, ಅಘನಾಶಿನಿ ಅಳಿವೆಯ ಬಗ್ಗೆ ಇಂಗ್ಲಿಷ್ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ, ಅದನ್ನೂ ಹೀಗೇ ಕತ್ತರಿಸಿ ಅಂಟಿಸಿ ಒಂದು ಫೈಲ್ ಮಾಡ್ಬಹುದು. ದಿನಕರ ದೇಸಾಯಿಯವರ ಚುಟುಕ ಬೋರ್ಡ್ ಮೇಲೆ ಬರೆದು ಇದನ್ನ ಇಂಗ್ಲಿಷಲ್ಲಿ ಹೇಳಿ ನೋಡುವಾ ಅಂದ್ರೆ ನಾಲ್ಕೇ ಸಾಲು, ಒಂದು ಪೀರಿಯಡ್ ಹೋಗಿದ್ದೇ ಗೊತ್ತಾಗೋದಿಲ್ಲ.

ಪ್ರಿಂಟ್ ಅಂದೆನಲ್ಲ, ನಿಮ್ಮ ಬಜೆಟ್‌ನ ಅತೀ ಉಪಯೋಗದ ಭಾಗ ಇದೇ ಅಂತ ನನ್ನ ಅಭಿಪ್ರಾಯ. ಪ್ರಥಮ್ ಬುಕ್ಸ್‌ನವರೇ 2015ರಲ್ಲಿ ಸ್ಟೋರಿವೀವರ್ ಅಂತ ಒಂದು ವೆಬ್‌ಸೈಟ್ ಶುರು ಮಾಡಿದ್ದಾರೆ, ಸಾವಿರಾರು ಕಥೆ, ಓಪನ್ ಲೈಸೆನ್ಸ್, ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆದು ಹಂಚೋಕೆ ಯಾರ ಪರ್ಮಿಷನ್ನೂ ಬೇಡ, ಬರೆದವರ ಹೆಸರು ಲೈಸೆನ್ಸ್ ಇರೋ ಕೊನೇ ಪುಟ ಮಾತ್ರ ತೆಗೀಬೇಡಿ. ಒಂದೇ ಕಥೆ ಇಂಗ್ಲಿಷಲ್ಲೂ ಕನ್ನಡದಲ್ಲೂ ಸಿಗ್ತದೆ. 16 ಪುಟದ ಪುಸ್ತಕ ಬುಕ್‌ಲೆಟ್ ಥರ ಎರಡೂ ಬದಿ ಪ್ರಿಂಟ್ ಹಾಕಿದ್ರೆ ಎ4 ಹಾಳೆ ನಾಲ್ಕೇ ನಾಲ್ಕು, ಮಧ್ಯ ಮಡಚಿ ಉದ್ದ ಕೈಯ ಸ್ಟೇಪ್ಲರ್‌ನಿಂದ ಎರಡು ಪಿನ್ ಹೊಡೆದ್ರೆ ಮುಗೀತು. ಬ್ಲ್ಯಾಕ್ ಅಂಡ್ ವೈಟ್ ಸಾಕು, ಬಣ್ಣ ಮಕ್ಕಳೇ ಹಾಕ್ತಾರೆ. ಇದ್ರಲ್ಲಿ ಇನ್ನೊಂದು ಅನುಕೂಲ ಅಂದ್ರೆ ಹರಿದ್ರೆ, ಕಳೆದ್ರೆ ನಿಮ್ಮ ಜೀವ ಹೋಗೋದಿಲ್ಲ, ಮತ್ತೊಂದು ಪ್ರಿಂಟ್ ತೆಗೆದ್ರಾಯ್ತು.

ಉಳಿದ ಸಾಮಾನು ಬೇಗ ಹೇಳಿ ಮುಗಿಸ್ತೇನೆ: ಆ ಸ್ಟೇಪ್ಲರ್, ಎ4 ರಿಮ್ ಎರಡು, ಅಗಲದ ಟ್ರಾನ್ಸ್‌ಪರೆಂಟ್ ಟೇಪು, ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು, ನೈಲಾನ್ ಹಗ್ಗ, ಬಟ್ಟೆಗೆ ಹಾಕೋ ಕ್ಲಿಪ್ಪು, ಇಂಗ್ಲಿಷ್–ಇಂಗ್ಲಿಷ್–ಕನ್ನಡ ಡಿಕ್ಷನರಿ ಆರು, ಅಂದ್ರೆ ಗುಂಪಿಗೊಂದು. ಪ್ರತಿ ಮಗುವಿಗೂ ಡಿಕ್ಷನರಿ ಬೇಡ, ಓದ್ತಾ ಓದ್ತಾ ಪ್ರತಿ ಶಬ್ದಕ್ಕೂ ಡಿಕ್ಷನರಿ ತೆಗೆಯೋ ಮಗು ಕಥೆ ಬಿಟ್ಟುಬಿಡ್ತದೆ. ಮಕ್ಕಳಿಗೆ ಐದು ಬೆರಳಿನ ಲೆಕ್ಕ ಹೇಳ್ಕೊಡಿ: ಒಂದು ಪುಟ ಓದ್ತಾ ಗೊತ್ತಿಲ್ಲದ ಶಬ್ದಕ್ಕೆ ಒಂದೊಂದು ಬೆರಳು ಮಡಚೋದು, ಪುಟ ಮುಗಿಯೋ ಮೊದ್ಲೇ ಐದೂ ಮಡಚಿದ್ರೆ ಆ ಪುಸ್ತಕ ಈಗ ಬೇಡ, ಇನ್ನೊಂದು ತಗೋ. ಬೇಡ ಅಂತ ಪುಸ್ತಕ ವಾಪಸ್ ಇಡೋ ಹಕ್ಕು ಮಕ್ಕಳಿಗೆ ಇರ್ಲೇಬೇಕು.

ಕಪಾಟು ಮಳೆಗಾಲದ ವಿಷಯಕ್ಕೆ ಬಂದ್ರೆ, ಗ್ಲಾಸ್ ಬಾಗಿಲಿನ ಕಪಾಟು ಕರಾವಳಿಗೆ ಒಳ್ಳೇದಲ್ಲ, ಸ್ಟೀಲ್ ಕಪಾಟೂ ಅಷ್ಟೇ. ವರ್ಷಕ್ಕೆ 3,000 ಮಿಲಿಮೀಟರ್ ಹತ್ತಿರ ಮಳೆ ಬೀಳೋ ಜಾಗ ನಮ್ಮದು, ಬಹುತೇಕ ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಗಾಳಿಯಲ್ಲಿ ತೇವ ಎಪ್ಪತ್ತು ಪರ್ಸೆಂಟ್ ದಾಟಿ ಗಾಳಿ ಆಡದಿದ್ರೆ ಸಾಕು, ಬೂಷ್ಟು ಬರ್ತದೆ, ಮುಚ್ಚಿದ ಕಪಾಟು ಅದಕ್ಕೆ ಹೇಳಿ ಮಾಡಿಸಿದ ಜಾಗ. ಬಡಗಿಯವ್ರ ಹತ್ರ ತೆರೆದ ಮರದ ರ‍್ಯಾಕ್ ಮಾಡಿಸಿ, ಹಿಂದೆ ಹಲಗೆ ಬೇಡ. ಚಿರೇಕಲ್ಲಿನ ಗೋಡೆ ಮಳೆಗಾಲದಲ್ಲಿ ನೀರು ಹೀರ್ತದೆ, ಅದಕ್ಕೆ ಗೋಡೆಯಿಂದ ಒಂದು ಗೇಣು ಬಿಟ್ಟು ಇಡಿ, ನೆಲದಿಂದ ಒಂದಡಿ ಮೇಲೆ. ಕಾಲಿನ ಕೆಳಗೆ ವರಲೆ ಹತ್ತದ ಹಾಗೆ ನೋಡ್ಕೊಳ್ಳಿ, ವಾರಕ್ಕೊಮ್ಮೆ ಬಗ್ಗಿ ನೋಡೋ ಕೆಲಸ ಒಬ್ಬ ಹುಡುಗನಿಗೆ ವಹಿಸಿ. ಪುಸ್ತಕ ಒತ್ತಿ ತುರುಕ್ಬೇಡಿ, ಮುಖಪುಟ ಕಾಣೋ ಹಾಗೆ ಇಡಿ, ತೆಳು ಬುಕ್‌ಲೆಟ್‌ಗಳನ್ನ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕಿ. ಬೆನ್ನು ಮಾತ್ರ ಕಾಣೋ ಪುಸ್ತಕವನ್ನ ದೊಡ್ಡವ್ರು ಹುಡುಕಿ ತೆಗೀತಾರೆ, ಮಕ್ಕಳು ಮುಖಪುಟ ನೋಡಿ ಕೈಹಾಕ್ತಾರೆ. ಒಂದಕ್ಕೆ ಬೂಷ್ಟು ಹತ್ತಿದ್ರೆ ಕೂಡ್ಲೆ ಬೇರೆ ಮಾಡಿ, ಒದ್ದೆ ಬಟ್ಟೆಯಲ್ಲಿ ಒರೆಸ್ಬೇಡಿ, ಮೊದ್ಲು ಪೂರ್ತಿ ಒಣಗಿಸಿ ಆಮೇಲೆ ಹೊರಗೆ ತಗೊಂಡ್ಹೋಗಿ ಒಣ ಬ್ರಶ್‌ನಲ್ಲಿ ಉದುರಿಸಿ. ನುಸಿಗುಳಿಗೆ ಮಕ್ಕಳು ಕೂರೋ ರೂಮಲ್ಲಿ ಬೇಡವೇ ಬೇಡ, ಅದ್ರ ಗಾಳಿ ಒಳ್ಳೇದಲ್ಲ, ರಕ್ತದಲ್ಲಿ ಕೆಲವು ಕೊರತೆ ಇರೋ ಮಕ್ಕಳಿಗೆ ಅಪಾಯಾನೂ ಹೌದು.

ಎಲ್ಲಕ್ಕಿಂತ ಒಳ್ಳೇ ಉಪಾಯ ಅಂದ್ರೆ ರಜೆಯಲ್ಲಿ ಪುಸ್ತಕ ಶಾಲೆಯಲ್ಲಿ ಇಡದೇ ಇರೋದು. ದಸರಾ ರಜೆ, ಬೇಸಿಗೆ ರಜೆ, ಜೋರು ಮಳೆಗೆ ಡಿಸಿ ಆಫೀಸಿಂದ ರಜೆ ಘೋಷಣೆ ಆಗೋ ದಿನಗಳು, ಬಾಗಿಲು ಹಾಕಿದ ರೂಮಲ್ಲೇ ಪುಸ್ತಕ ಹಾಳಾಗೋದು. ಮಕ್ಕಳ ಮನೇಲಿ ಒಲೆಯ ಬಿಸಿ ಇರ್ತದೆ, ಜನ ಓಡಾಡ್ತಾರೆ, ಅಲ್ಲಿ ಪುಸ್ತಕ ಹೆಚ್ಚು ಕ್ಷೇಮ. ತಂಗಿ ತಮ್ಮಂದಿರೂ ಓದ್ತಾರೆ.

ಕಳೆದ್ರೆ ಹೊಣೆ ಯಾರದ್ದು ಅಂತ ಕೇಳಿದ್ರಲ್ಲ, ಈ ಭಯವೇ ನಮ್ಮ ಶಾಲೆಗಳ ಎಷ್ಟೋ ಸಾವಿರ ಪುಸ್ತಕಗಳಿಗೆ ಬೀಗ ಹಾಕಿಸಿದ್ದು. ಸರ್ಕಾರದ ಅನುದಾನದ ಪುಸ್ತಕಕ್ಕೆ ಸ್ಟಾಕ್ ರಿಜಿಸ್ಟರ್ ಇದೆ, ಅದನ್ನ ಆ ಪ್ರಕಾರವೇ ನಡೆಸಿ. ಆದ್ರೆ ಈ 15,000 ದಾನದ ದುಡ್ಡು. ಎಚ್.ಎಂ. ಹತ್ರ ಮಾತಾಡಿ ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಒಂದು ಠರಾವು ಮಾಡಿಸಿ: ಇದು ತರಗತಿ ಓದಿನ ಪುಸ್ತಕ, ಮಕ್ಕಳ ಬಳಕೆಗೆ, ಬಳಕೆಯಲ್ಲಿ ಹರಿದದ್ದು ಕಳೆದದ್ದನ್ನ ವರ್ಷದ ಕೊನೇಗೆ ಪಟ್ಟಿ ಮಾಡಿ ತೆಗೆದುಹಾಕೋದು ಅಂತ. ದಾನಿಗಳಿಗೂ ಮೊದ್ಲೇ ಹೇಳಿ, ನೂರರಲ್ಲಿ ಹತ್ತು ಪುಸ್ತಕ ವರ್ಷಕ್ಕೆ ಹೋದ್ರೆ ಬೇಜಾರು ಮಾಡ್ಕೋಬೇಡಿ ಅಂತ. ಒಪ್ಪೋದಿಲ್ಲ ಅನ್ನೋರು ಕಮ್ಮಿ, ಅವ್ರೂ ಇಂಥ ಶಾಲೆಯಲ್ಲೇ ಓದಿದವ್ರಲ್ವಾ. ಲೆಕ್ಕಕ್ಕೆ ಒಂದು ನೂರು ಪುಟದ ನೋಟ್‌ಬುಕ್ ಸಾಕು, ತಗೊಂಡವರ ಹೆಸರು, ಪುಸ್ತಕದ ನಂಬರು, ತಾರೀಕು. ಬರೆಯೋದು ಇಬ್ಬರು ಮಕ್ಕಳು, ತಿಂಗಳಿಗೊಮ್ಮೆ ಬದಲು. ದಂಡ ಮಾತ್ರ ಹಾಕ್ಬೇಡಿ. ದಂಡ ಅಂದ ಕೂಡ್ಲೆ ಬಡ ಮನೆಯ ಮಗು ಪುಸ್ತಕ ಮುಟ್ಟೋದನ್ನೇ ಬಿಡ್ತದೆ, ನಮಗೆ ಅತೀ ಹೆಚ್ಚು ಬೇಕಾಗಿರೋದು ಅದೇ ಮಗು.

ದಾನಿಗಳ ಹತ್ರ ಪುಸ್ತಕ ಕೊಡಿ ಅಂತ ಬರೀ ಬಾಯಲ್ಲಿ ಕೇಳ್ಬೇಡಿ. ಹಾಗೆ ಕೇಳಿದ್ರೆ ಹಳೇ ಗೈಡು, ಸಿಲೆಬಸ್ ಬದಲಾದ ಟೆಕ್ಸ್ಟ್‌ಬುಕ್ಕು, ಎಂಜಿನಿಯರಿಂಗ್ ಪುಸ್ತಕದ ಡಬ್ಬ ಬರ್ತದೆ, ಇಡೋಕೂ ಆಗೋದಿಲ್ಲ ಎಸೆಯೋಕೂ ಆಗೋದಿಲ್ಲ. ಪುಸ್ತಕದ ಹೆಸರು, ಎಷ್ಟು ಕಾಪಿ, ಬೆಲೆ ಎಲ್ಲ ಬರೆದು ಒಂದು ಪುಟದ ಲಿಸ್ಟ್ ಕಳ್ಸಿ, ಬಿಲ್ಲಿನ ಫೋಟೋ ಕಳ್ಸಿ. ಧನ್ಯವಾದದ ಪತ್ರ ಮಕ್ಕಳೇ ಇಂಗ್ಲಿಷಲ್ಲಿ ಬರೀಲಿ, ತಪ್ಪು ತಿದ್ದದೇ ಹಾಗೇ ಕಳ್ಸಿ, ಯಾರೋ ನಿಜವಾಗ್ಲೂ ಓದ್ತಾರೆ ಅಂತ ಗೊತ್ತಿದ್ದು ಬರೆಯೋ ಪತ್ರಕ್ಕೂ ಪರೀಕ್ಷೆಯ ಲೆಟರ್ ರೈಟಿಂಗ್‌ಗೂ ಬಹಳ ವ್ಯತ್ಯಾಸ ಇದೆ. ಎಲ್ಲಾ ದುಡ್ಡು ಒಂದೇ ಸಲ ಖರ್ಚು ಮಾಡ್ಬೇಡಿ. ಹತ್ತು ಸಾವಿರಕ್ಕೆ ಈಗ ತನ್ನಿ, ದೀಪಾವಳಿ ತನಕ ಯಾವ ಪುಸ್ತಕ ಹೆಚ್ಚು ಕೈ ಬದಲಾಯಿಸ್ತು ಅಂತ ನೋಟ್‌ಬುಕ್ಕಲ್ಲಿ ನೋಡಿ, ಉಳಿದ ಐದು ಸಾವಿರ ಮಕ್ಕಳು ಹೇಳಿದ್ದಕ್ಕೆ ಹಾಕಿ. ಮತ್ತೆ ಪಂಚಾಯತಿಯ ಅರಿವು ಕೇಂದ್ರದಲ್ಲಿ, ಅಂದ್ರೆ ಊರಿನ ಲೈಬ್ರರಿಯಲ್ಲಿ, ಮಕ್ಕಳಿಗೆ ಫ್ರೀ ಮೆಂಬರ್‌ಶಿಪ್ ಇದೆ, 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ. ಒಂದಿನ ಇಡೀ ಕ್ಲಾಸನ್ನ ಅಲ್ಲಿಗೆ ಕರ್ಕೊಂಡ್ಹೋಗಿ ಹೆಸರು ಬರೆಸಿ, ಅಲ್ಲಿನ ಇಂಗ್ಲಿಷ್ ಪುಸ್ತಕಾನೂ ಓಡಾಡ್ಲಿ.

ಇನ್ನು ಟೈಮ್ ಎಲ್ಲಿದೆ ಅನ್ನೋದು. ಎಂಟು ಒಂಬತ್ತಕ್ಕೆ ವಾರದಲ್ಲಿ ಮೂರು ದಿನ, ಪೀರಿಯಡ್‌ನ ಮೊದಲ ಹದಿನೈದು ನಿಮಿಷ ಸುಮ್ನೆ ಓದೋದು, ಅಷ್ಟೇ ಸಾಕು. ನೀವೂ ಕುರ್ಚಿ ಹಾಕ್ಕೊಂಡು ನಿಮ್ಮದೊಂದು ಪುಸ್ತಕ ಓದ್ಬೇಕು, ಆ ಹೊತ್ತಲ್ಲಿ ಕಾಪಿ ತಿದ್ದೋದಲ್ಲ, ಮಕ್ಕಳು ನಿಮ್ಮನ್ನ ನೋಡ್ತಿರ್ತಾರೆ. ನಿಮಗೆ ಅಂತ ಒಂದು ಹೇಳ್ಲಾ, ನಮ್ಮ ಗೋಕರ್ಣದ ಜಯಂತ ಕಾಯ್ಕಿಣಿಯವರ ಕಥೆಗಳು ‘ನೋ ಪ್ರೆಸೆಂಟ್ಸ್ ಪ್ಲೀಸ್’ ಅಂತ ತೇಜಸ್ವಿನಿ ನಿರಂಜನ ಅವರ ಅನುವಾದದಲ್ಲಿ ಇಂಗ್ಲಿಷಿಗೆ ಬಂದಿವೆ, ಮಕ್ಕಳಿಗಲ್ಲ, ನಿಮಗೆ. ಓದಿದ ಮೇಲೆ ಪ್ರಶ್ನೆ ಕೇಳ್ಬೇಡಿ, ಸಾರಾಂಶ ಬರೆಸ್ಬೇಡಿ, ಮಾರ್ಕ್ ಕೊಡ್ಬೇಡಿ. ಬೇಕಿದ್ರೆ ವಾರಕ್ಕೊಬ್ಬರು ಎದ್ದು ನಿಂತು ಈ ಪುಸ್ತಕ ಯಾರು ಓದ್ಬೇಕು ಅಂತ ಒಂದು ನಿಮಿಷ ಹೇಳ್ಲಿ, ಇಂಗ್ಲಿಷ್ ಕನ್ನಡ ಕೊಂಕಣಿ ಬೆರೆಸಿ ಹೇಳಿದ್ರೂ ಅಡ್ಡಿಯಿಲ್ಲ.

ಹತ್ತನೇ ಕ್ಲಾಸಿಗೆ ಡಿಸೆಂಬರ್ ತನಕ ವಾರಕ್ಕೆರಡು ಸಲ ಹತ್ತು ನಿಮಿಷ ಇಟ್ಕೊಳ್ಳಿ, ಜನವರಿಯಿಂದ ಕ್ಲಾಸಲ್ಲಿ ಬೇಡ, ಮನೆಗೆ ಕೊಡಿ. ಎಚ್.ಎಂ. ಕೇಳಿದ್ರೆ 80 ಮಾರ್ಕಿನ ಪೇಪರ್ ತೋರಿಸಿ ಹೇಳಿ, ಅದ್ರಲ್ಲಿ ನೋಡದ ಪ್ಯಾಸೇಜ್ ಓದಿ ಉತ್ತರ ಬರೆಯೋ ಪ್ರಶ್ನೆ ಇರ್ತದೆ, ಚಿತ್ರ ನೋಡಿ ಬರೆಯೋದಿರ್ತದೆ, ಪ್ರಬಂಧ, ಪತ್ರ ಇರ್ತದೆ. ಬಾಯಿಪಾಠ ಮಾಡಿದ ಮಗು ಅಲ್ಲಿಗೆ ಬಂದು ನಿಲ್ತದೆ, ವರ್ಷಕ್ಕೆ ಮೂವತ್ತು ತೆಳು ಪುಸ್ತಕ ಓದಿದ ಮಗು ನಿಲ್ಲೋದಿಲ್ಲ. ನಿಜವಾದ ಫಲ ನೋಡ್ಬೇಕು ಅಂದ್ರೆ ಈಗಿನ ಎಂಟನೇ ಕ್ಲಾಸಿನಿಂದ ಶುರು ಮಾಡಿ, ಅವ್ರು ಹತ್ತಕ್ಕೆ ಬರೋ ತನಕ ಬಿಡದೇ ನಡೆಸಿ. ಈ ವರ್ಷದ ಹತ್ತನೆಯವ್ರಿಗೆ ‘ಎ ಹೀರೋ’ ಪಾಠದ ಜೊತೆಗಿನ ಆ ಸ್ವಾಮಿಯ ಪುಸ್ತಕ, ಟಿಂಕಲ್ ಕಟ್ಟು, ಕಾರವಾರದ ಹಾಳೆ, ಇಷ್ಟಿದ್ರೂ ಆಗ್ತದೆ.